ತೊಟ್ಟಿಲ ಮಾತು: ಎಂಟು ತಿಂಗಳಾದರೂ ಕುಳಿತುಕೊಳ್ಳದ ಕೂಸು

ಹೊನ್ನಾವರದ ಸಮೀಪದ ಒಂದು ಕ್ರೈಸ್ತ ಮನೆತನದ ಹಿರಿಯ ವಾಚಕಿಯೊಬ್ಬರು ಈ ತಿಂಗಳು ನಮಗೆ ದೀರ್ಘವಾದೊಂದು ಪತ್ರವನ್ನು ಬರೆದಿದ್ದಾರೆ. ಹೆಸರನ್ನೂ ಊರನ್ನೂ ಅಚ್ಚು ಮಾಡಬಾರದೆಂದು ಅವರೇ ಕೇಳಿಕೊಂಡಿರುವುದರಿಂದ ಅವುಗಳನ್ನು ಬಿಟ್ಟಿದ್ದೇವೆ. ಪತ್ರದ ವಿಷಯ ಮಾತ್ರ ಒಂದು ಮನೆಗೆ ಸೇರಿದ್ದಲ್ಲ. ಕುಮಟೆಯಿಂದ ಭಟ್ಕಳದವರೆಗಿನ ಎಷ್ಟೋ ಮನೆಗಳ ಜಗಲಿಯ ಮೇಲೆ ಇದೇ ಮಾತು ನಡೆಯುತ್ತಿರುವುದೆಂದು ನಾವು ಬಲ್ಲೆವಾದ್ದರಿಂದ, ಉತ್ತರವನ್ನು ಖಾಸಗಿಯಾಗಿ ಬರೆಯದೆ ಇಲ್ಲಿಯೇ ಬರೆಯುತ್ತಿದ್ದೇವೆ.

ಪತ್ರದ ಸಾರವಿಷ್ಟು. ಅವರ ಮಗನಿಗೆ ಮೊದಲ ಕೂಸು ಹೆಣ್ಣಾಗಿದೆ. ಹುಟ್ಟಿ ಎಂಟು ತಿಂಗಳು ತುಂಬಿತು. ದಿನ ತುಂಬುವ ಮುಂಚೆಯೇ, ಎಂದರೆ ಬಸುರಿನ 34ನೆಯ ವಾರದಲ್ಲಿ, ಹೆರಿಗೆಯಾಯಿತು. ಹುಟ್ಟಿದಾಗ ತೂಕ 2 ಕಿಲೋ. ಅದೇ ವಾರದಲ್ಲಿ ಭಟ್ಕಳದಲ್ಲಿರುವ ಅವರ ಮಗಳಿಗೆ ಗಂಡು ಕೂಸು ದಿನ ತುಂಬಿ ಹುಟ್ಟಿತು. ಎರಡು ಕೂಸುಗಳಿಗೂ ಒಂದೇ ಆದಿತ್ಯವಾರ ಇಗರ್ಜಿಯಲ್ಲಿ ಜ್ಞಾನಸ್ನಾನವಾಯಿತು. ಅಂದಿನಿಂದ ಮನೆಯವರು ಈ ಎರಡನ್ನೂ ಜೋಡಿಯೆಂದೇ ಎಣಿಸಿಕೊಂಡು ಬಂದರು. ತೊಂದರೆಯ ಬೇರು ಇಲ್ಲಿಯೇ ಇದೆ. ಭಟ್ಕಳದ ಮೊಮ್ಮಗ ಐದೂವರೆ ತಿಂಗಳಿಗೆ ಕುಳಿತ, ಈಗ ಅಂಬೆಗಾಲಿಕ್ಕಿ ಹೊಸಿಲು ದಾಟುತ್ತಾನೆ. ಹೊನ್ನಾವರದ ಮೊಮ್ಮಗಳು ಕುಳ್ಳಿರಿಸಿದರೆ ಮುಂದಕ್ಕೆ ಬಾಗಿ ಎರಡೂ ಕೈ ಊರಿಕೊಂಡು ಒಂದು ನಿಮಿಷವಿದ್ದು ಪಕ್ಕಕ್ಕೆ ವಾಲುತ್ತಾಳೆ. ಡಿಸೆಂಬರ್ 3ರಂದು ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬಕ್ಕೆ ನಂಟರೆಲ್ಲ ಸೇರಿದಾಗ ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಬಿಟ್ಟರಂತೆ. ಕುಮಟೆಯಿಂದ ಬಂದ ನಂಟರೊಬ್ಬರು, "ಇದೇನು, ಹುಡುಗಿಯ ಬೆನ್ನಿಗೆ ಬಲವೇ ಇಲ್ಲವಲ್ಲ!" ಎಂದರಂತೆ. ಸೊಸೆ ಅಂದಿನಿಂದ ಸರಿಯಾಗಿ ಊಟ ಮಾಡಿಲ್ಲ.

ಆ ಸೊಸೆ ಕುಮಟೆಯ ಒಂದು ಶಾಲೆಯಲ್ಲಿ ಉಪಾಧ್ಯಾಯಿನಿ. ಹೆರಿಗೆಯ ರಜೆ ಮುಗಿದು ಎರಡು ತಿಂಗಳಾಗಿದೆ. ಮುಂಜಾನೆ ಎಂಟಕ್ಕೆ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆ ಐದೂವರೆಗೆ. ಮಗ ಹಡಗಿನ ಕೆಲಸದಲ್ಲಿ ದೂರ ಸಮುದ್ರದಲ್ಲಿದ್ದಾನೆ. ಹಗಲೆಲ್ಲ ಕೂಸನ್ನು ನೋಡಿಕೊಳ್ಳುವವರು ಅಜ್ಜಿ. ಅವರು ನಮ್ಮನ್ನು ಮೂರು ಪ್ರಶ್ನೆ ಕೇಳಿದ್ದಾರೆ. ಕೂಸು ಇನ್ನೂ ಕುಳಿತುಕೊಳ್ಳದಿರುವುದು ದೋಷವೇ? ಅದರ ಕಾಲಿಗೆ ಬಲ ಬರಲೆಂದು ಗಾಲಿಯ ವಾಕರ್ ಕೊಂಡು ತರಬಹುದೇ? ಮನೆಯಲ್ಲಿ ಕೊಂಕಣಿ, ಓಣಿಯಲ್ಲಿ ಕನ್ನಡ, ತಾಯಿಯ ಬಾಯಲ್ಲಿ ಇಂಗ್ಲಿಷು ಹೀಗೆ ಮೂರು ಭಾಷೆ ಕಿವಿಗೆ ಬಿದ್ದು ಕೂಸಿಗೆ ಗಲಿಬಿಲಿಯಾಗಿ ಬೆಳವಣಿಗೆ ನಿಧಾನವಾಯಿತೇ? ಇಷ್ಟು ಬರೆದು ರುಜು ಹಾಕಿದ ಮೇಲೆ, ಕಾಗದದಲ್ಲಿ ಸ್ಥಳ ಉಳಿದಿದ್ದಕ್ಕೋ ಏನೋ, ತಾಯಿ ಕಾರ್ಡಿನಲ್ಲಿ ಬರೆದಿರುವ ತೂಕಗಳನ್ನೂ ಕೆಳಗೆ ನಕಲು ಮಾಡಿದ್ದಾರೆ: ಮೂರು ತಿಂಗಳಿಗೆ 4 ಕಿಲೋ, ಆರು ತಿಂಗಳಿಗೆ 5.9 ಕಿಲೋ, ಈಗ ಎಂಟಕ್ಕೆ 6.1 ಕಿಲೋ.

ರುಜುವಿನ ಕೆಳಗಿನ ಈ ಒಂದು ಸಾಲಿಗಾಗಿ ನಾವು ಅವರಿಗೆ ಬಹಳ ಕೃತಜ್ಞರಾಗಿದ್ದೇವೆ. ಅವರು ಮನಸ್ಸು ನೋಯಿಸಿಕೊಂಡು ಕೇಳಿದ ಪ್ರಶ್ನೆಯಲ್ಲಿ ಭಯಪಡತಕ್ಕದ್ದು ಸದ್ಯಕ್ಕೆ ಏನೂ ಇಲ್ಲ. ಸುಮ್ಮನೆ ಬರೆದ ಸಾಲಿನಲ್ಲಿ ಮಾತ್ರ ಗಮನಿಸಲೇಬೇಕಾದ ಸಂಗತಿಯುಂಟು. ಎರಡನ್ನೂ ಒಂದೊಂದಾಗಿ ಹೇಳುತ್ತೇವೆ.

ಮೊದಲು ವಯಸ್ಸಿನ ಲೆಕ್ಕ. ಬಸುರು ತುಂಬುವುದು 40 ವಾರಗಳಿಗೆ. ಈ ಕೂಸು ಹುಟ್ಟಿದ್ದು 34ಕ್ಕೆ. ಗರ್ಭದಲ್ಲಿ ಕಳೆಯಬೇಕಾಗಿದ್ದ ಆರು ವಾರಗಳನ್ನು ಅದು ತೊಟ್ಟಿಲಲ್ಲಿ ಕಳೆದಿದೆ. ಆದಕಾರಣ ಮುಂಚಿತವಾಗಿ ಹುಟ್ಟಿದ ಕೂಸಿನ ಬೆಳವಣಿಗೆಯನ್ನು ಅಳೆಯುವಾಗ ವೈದ್ಯರು ಆ ವಾರಗಳನ್ನು ವಯಸ್ಸಿನಿಂದ ಕಳೆಯುತ್ತಾರೆ, ಎರಡು ವರ್ಷ ತುಂಬುವವರೆಗೂ ಕಳೆಯುತ್ತಾರೆ. ಎಂಟು ತಿಂಗಳಲ್ಲಿ ಆರು ವಾರ ಕಳೆದರೆ ಉಳಿಯುವುದು ಆರೂವರೆ ತಿಂಗಳು. ಭಟ್ಕಳದ ಕೂಸಿಗೆ ಎಂಟು, ಹೊನ್ನಾವರದ ಕೂಸಿಗೆ ಆರೂವರೆ. ಒಂದೇ ವಾರದಲ್ಲಿ ಹುಟ್ಟಿದರೂ ಇವು ಓರಗೆಯವಲ್ಲ. ಇಗರ್ಜಿಯ ಪುಸ್ತಕದಲ್ಲಿ ಹುಟ್ಟಿದ ದಿನವನ್ನೂ ಜ್ಞಾನಸ್ನಾನದ ದಿನವನ್ನೂ ಬರೆದಿಡುತ್ತಾರೆ. ಬೈಬಲಿನ ಮೊದಲ ಬಿಳಿ ಹಾಳೆಯಲ್ಲಿ ಮನೆಯ ಮಕ್ಕಳ ಹುಟ್ಟನ್ನು ಬರೆದಿಡುವ ಮನೆಗಳೂ ಉಂಟು. ಇಂಥ ಕೂಸುಗಳ ಮನೆಯಲ್ಲಿ ಇನ್ನೊಂದು ತಾರೀಖನ್ನು ಬರೆದಿಡಬೇಕೆಂದು ನಾವು ಹೇಳುವೆವು: ವೈದ್ಯರು ಹೆರಿಗೆಗೆಂದು ಗೊತ್ತುಮಾಡಿದ್ದ ತಾರೀಖು. ಕುಳಿತುಕೊಳ್ಳುವುದಕ್ಕೆ, ನಡೆಯುವುದಕ್ಕೆ, ಮಾತಿಗೆ ಆ ದಿನದಿಂದ ಎಣಿಸತಕ್ಕದ್ದು. ಚುಚ್ಚುಮದ್ದು ಮಾತ್ರ ಇದಕ್ಕೆ ಹೊರತು. ಅದು ಹುಟ್ಟಿದ ದಿನದ ಲೆಕ್ಕದಲ್ಲಿಯೇ, ಆರು, ಹತ್ತು, ಹದಿನಾಲ್ಕು ವಾರಗಳಿಗೂ ಒಂಬತ್ತು ತಿಂಗಳಿಗೂ ತಪ್ಪದೆ ಆಗಬೇಕು. ಮುಂಚಿತವಾಗಿ ಹುಟ್ಟಿತೆಂದು ಚುಚ್ಚುಮದ್ದನ್ನು ಮುಂದಕ್ಕೆ ಹಾಕುವವರುಂಟು. ಅದು ಸಲ್ಲದು.

ಇನ್ನು ಆರೂವರೆ ತಿಂಗಳ ಕೂಸು ಆಸರೆಯಿಲ್ಲದೆ ಕುಳಿತುಕೊಳ್ಳಲೇಬೇಕೇ? ಇದಕ್ಕೆ ಒಳ್ಳೆಯ ಆಧಾರವಿದೆ. ವಿಶ್ವ ಆರೋಗ್ಯ ಸಂಸ್ಥೆಯವರು 1997ರಿಂದ 2003ರವರೆಗೆ ಆರು ದೇಶಗಳಲ್ಲಿ ಆರೋಗ್ಯವಂತ ಕೂಸುಗಳ ಬೆಳವಣಿಗೆಯನ್ನು ಅಳೆದರು. ನಮ್ಮ ದೇಶದ ದಿಲ್ಲಿಯ ಕೂಸುಗಳೂ ಅದರಲ್ಲಿದ್ದವು. ಅವುಗಳ ಪೈಕಿ ಘಾನಾ, ಭಾರತ, ನಾರ್ವೆ, ಓಮಾನ್, ಅಮೇರಿಕ ಈ ಐದು ದೇಶಗಳಲ್ಲಿ ಕುಳಿತುಕೊಳ್ಳುವುದು, ನಿಲ್ಲುವುದು, ನಡೆಯುವುದು ಮೊದಲಾದ ಚಲನೆಗಳನ್ನೂ ಗುರುತು ಹಾಕಿಕೊಂಡರು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಆಸರೆಯಿಲ್ಲದೆ ಕುಳಿತುಕೊಳ್ಳುವುದು ಕೆಲವಕ್ಕೆ ನಾಲ್ಕು ತಿಂಗಳಿಗೂ ಮುಂಚೆ ಬಂದಿತ್ತು, ಕೆಲವಕ್ಕೆ 9.2 ತಿಂಗಳವರೆಗೆ ಬಂದಿರಲಿಲ್ಲ. ಎಲ್ಲವೂ ಆರೋಗ್ಯವಂತ ಕೂಸುಗಳೇ. ಅಂಬೆಗಾಲಿಗೆ ಐದು ತಿಂಗಳಿಂದ ಹದಿಮೂರೂವರೆಯವರೆಗೆ, ಒಬ್ಬಂಟಿಯಾಗಿ ನಿಲ್ಲುವುದಕ್ಕೆ ಸುಮಾರು ಏಳರಿಂದ ಹದಿನೇಳರವರೆಗೆ, ತಾನಾಗಿ ನಡೆಯುವುದಕ್ಕೆ ಎಂಟರಿಂದ ಹದಿನೇಳೂವರೆ ತಿಂಗಳವರೆಗೆ ಅವಕಾಶವಿತ್ತು. ಇನ್ನೊಂದು ಸ್ವಾರಸ್ಯವೆಂದರೆ, ನೂರಕ್ಕೆ ನಾಲ್ಕು ಕೂಸುಗಳು ಮೊಣಕಾಲೂರಿ ಅಂಬೆಗಾಲಿಕ್ಕಲೇ ಇಲ್ಲ, ಆ ಮೆಟ್ಟಿಲನ್ನೇ ಬಿಟ್ಟು ಮುಂದಕ್ಕೆ ಹೋದವು. "ನಮ್ಮ ಹುಡುಗ ಅಂಬೆಗಾಲಿಕ್ಕಲಿಲ್ಲ" ಎಂದು ಮರುಗುವ ತಾಯಂದಿರು ಇದನ್ನು ನೆನಪಿನಲ್ಲಿಡಬಹುದು.

ಹೀಗಿರುವಾಗ ಆರೂವರೆ ತಿಂಗಳಿಗೆ ಕೈ ಊರಿ ಒಂದು ನಿಮಿಷ ಕುಳಿತಿರುವ ಕೂಸು ಹಿಂದುಳಿದದ್ದಲ್ಲ. ಕೈ ಊರಿ ಕುಳಿತುಕೊಳ್ಳುವುದೇ ಕೈ ಬಿಟ್ಟು ಕುಳಿತುಕೊಳ್ಳುವುದರ ಹಿಂದಿನ ಮೆಟ್ಟಿಲು. ಕುಮಟೆಯ ನಂಟರಿಗೆ ಬೆನ್ನಿನ ಬಲದ ವಿಷಯ ತಿಳಿದಿರಬಹುದು, ತಿಂಗಳ ಲೆಕ್ಕ ತಿಳಿದಂತೆ ಕಾಣುವುದಿಲ್ಲ. ಕೂಸಿಗೆ ಬೇಕಾದುದು ನೆಲ. ದಿನಕ್ಕೆ ನಾಲ್ಕಾರು ಸಲ ದಪ್ಪ ಚಾಪೆಯ ಮೇಲೆ ಬೋರಲು ಮಲಗಿಸಿ, ಎದುರಿಗೆ ಒಂದು ಸ್ಟೀಲಿನ ಲೋಟವನ್ನೋ ಬಣ್ಣದ ಬಟ್ಟೆಯನ್ನೋ ಇಟ್ಟು, ಎಚ್ಚರವಾಗಿರುವಾಗ ಆಡಗೊಡಬೇಕು. ಎತ್ತಿಕೊಂಡೇ ಇದ್ದರೆ ಬೆನ್ನು ಗಟ್ಟಿಯಾಗುವುದಕ್ಕೆ ಸಮಯ ಸಿಗುವುದಿಲ್ಲ. ಮೊದಲ ಮೊಮ್ಮಗಳು, ಅದೂ ಎರಡು ಕಿಲೋ ತೂಗಿ ಹುಟ್ಟಿದವಳು. ಅಜ್ಜಿಯವರ ತೊಡೆಯಿಂದ ಅವಳು ಇಳಿದದ್ದೇ ಅಪರೂಪವಿರಬಹುದೆಂದು ನಮಗೆ ಅನುಮಾನ.

ಆದರೆ "ಎಲ್ಲ ತಾನಾಗಿ ಬರುತ್ತದೆ" ಎಂದು ಕಣ್ಣು ಮುಚ್ಚಿ ಕೂಡಬೇಕೆಂದು ನಾವು ಹೇಳುತ್ತಿಲ್ಲ. ಮುಂಚಿತವಾಗಿ ಹುಟ್ಟಿದ ಕೂಸುಗಳಲ್ಲಿ ಕೈಕಾಲುಗಳ ತೊಂದರೆ, ಕಿವಿಯ ತೊಂದರೆ, ಕಣ್ಣಿನ ತೊಂದರೆ ಉಳಿದವಕ್ಕಿಂತ ಹೆಚ್ಚಾಗಿ ಕಾಣಿಸುವುದುಂಟು. ಸ್ನಾನ ಮಾಡಿಸುವಾಗ, ಬಟ್ಟೆ ಬದಲಿಸುವಾಗ ಅಜ್ಜಿಯವರು ಕೆಲವನ್ನು ನೋಡಲಿ. ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬಿಗಿದು ಬರುತ್ತವೆಯೇ? ಮುಷ್ಟಿ ಯಾವಾಗಲೂ ಬಿಗಿದೇ ಇರುತ್ತದೆಯೇ? ವಸ್ತುವನ್ನು ಹಿಡಿಯಲು ಒಂದೇ ಕೈಯನ್ನು ಚಾಚಿ ಇನ್ನೊಂದನ್ನು ಮರೆತಂತೆ ಬಿಡುತ್ತದೆಯೇ? ಒಂದು ವರ್ಷದೊಳಗಿನ ಕೂಸು ಎಡಗೈ ಬಲಗೈ ಎಂಬ ಭೇದ ಮಾಡತಕ್ಕದ್ದಲ್ಲ. ಹಿಂದೆ ಪಾತ್ರೆ ಬಿದ್ದರೆ ಬೆಚ್ಚುತ್ತದೆಯೇ, ಹೆಸರು ಹಿಡಿದು ಕರೆದರೆ ತಿರುಗುತ್ತದೆಯೇ? ಮುಖ ನೋಡಿ ನಗುತ್ತದೆಯೇ? ಮೊದಲು ಮಾಡುತ್ತಿದ್ದುದನ್ನು ಈಗ ಮರೆತಿದೆಯೇ? ಇವುಗಳಲ್ಲಿ ಒಂದು ಸಂಶಯ ಬಂದರೂ ತಿಂಗಳು ಕಾಯಬೇಡಿರಿ. ಸಂಶಯವಿಲ್ಲದಿದ್ದರೂ, ಗೊತ್ತಾದ ಹೆರಿಗೆಯ ದಿನದಿಂದ ಎಣಿಸಿ ಒಂಬತ್ತು ತಿಂಗಳು ತುಂಬಿದ ಮೇಲೂ ಕುಳಿತುಕೊಳ್ಳದಿದ್ದರೆ ಶಿಶುವೈದ್ಯರಿಗೆ ತೋರಿಸಲೇಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಉದ್ದೇಶವೇ ಇಂಥ ಕೂಸುಗಳನ್ನು ಬೇಗನೆ ಗುರುತಿಸಿ ಚಿಕಿತ್ಸೆಗೆ ಕಳುಹುವುದು. ಅಂಗನವಾಡಿಯವರನ್ನಾಗಲಿ ಆಶಾ ಕಾರ್ಯಕರ್ತೆಯನ್ನಾಗಲಿ ಕೇಳಿದರೆ ದಾರಿ ತೋರಿಸುವರು. ತಡವಾಗಿ ತಿಳಿದ ತೊಂದರೆಗಿಂತ ಬೇಗ ತಿಳಿದ ತೊಂದರೆಗೆ ಉಪಾಯಗಳು ಎಷ್ಟೋ ಹೆಚ್ಚು.

ಈಗ ರುಜುವಿನ ಕೆಳಗಿನ ಸಾಲಿಗೆ ಬರುತ್ತೇವೆ. ಕೂಸು ಮೊದಲ ಮೂರು ತಿಂಗಳಲ್ಲಿ 2 ಕಿಲೋ ಗಳಿಸಿತು. ಮುಂದಿನ ಮೂರರಲ್ಲಿ 1.9 ಕಿಲೋ. ಎರಡು ಕಿಲೋದ ಕೂಸನ್ನು ಆರು ತಿಂಗಳಲ್ಲಿ ಸುಮಾರು ಮೂರು ಪಾಲು ಮಾಡಿದ ತಾಯಿ ಮತ್ತು ಅಜ್ಜಿ ಇಬ್ಬರೂ ಬೆನ್ನು ತಟ್ಟಿಸಿಕೊಳ್ಳಲು ಯೋಗ್ಯರು. ಆದರೆ ಕೊನೆಯ ಎರಡು ತಿಂಗಳಲ್ಲಿ ಗಳಿಕೆ 200 ಗ್ರಾಂ ಮಾತ್ರ. ಈ ವಯಸ್ಸಿನ ಹೆಣ್ಣು ಕೂಸು ಎರಡು ತಿಂಗಳಲ್ಲಿ ಸಾಧಾರಣವಾಗಿ ಸುಮಾರು 800 ಗ್ರಾಂ ಗಳಿಸುವುದು. ಆರು ವಾರ ಕಳೆದು ಲೆಕ್ಕ ಹಾಕಿದರೂ ಈ ಕೂಸಿನ ತೂಕ ಕಡಿಮೆ ತೂಕದ ಗೆರೆಯಿಂದ ಸ್ವಲ್ಪವೇ ಮೇಲಿದೆ. ಕಳೆಯದಿದ್ದರೆ ಗೆರೆಯ ಕೆಳಗೇ ಬೀಳುತ್ತದೆ. ಭಟ್ಕಳದ ಮೊಮ್ಮಗ 9 ಕಿಲೋ ತೂಗುತ್ತಾನೆಂಬುದು ಇಲ್ಲಿ ಅಪ್ರಸ್ತುತ. ಮುಖ್ಯವಾದುದು ಇಷ್ಟೇ: ಇದೇ ಕೂಸು, ಇದೇ ಮನೆಯಲ್ಲಿ, ಆರು ತಿಂಗಳವರೆಗೆ ಏರುತ್ತಿದ್ದ ಗೆರೆಯನ್ನು ಬಿಟ್ಟು ಮಲಗಿದ ಗೆರೆಯನ್ನು ಹಿಡಿದಿದೆ. ತಾಯಿ ಕಾರ್ಡಿನಲ್ಲಿರುವ ಚಿತ್ರದಲ್ಲಿ ಚುಕ್ಕೆಗಳನ್ನು ಗೆರೆಯಿಂದ ಜೋಡಿಸಿದರೆ ಯಾರ ಕಣ್ಣಿಗಾದರೂ ಕಾಣುವುದು. ಅನೇಕ ಮನೆಗಳಲ್ಲಿ ತೂಕವನ್ನು ಅಂಕಿಯಲ್ಲಿ ಬರೆಯುತ್ತಾರೆಯೇ ಹೊರತು ಚುಕ್ಕೆಯಿಟ್ಟು ಜೋಡಿಸುವುದಿಲ್ಲ. ಅಂಕಿ ಏರುತ್ತಲೇ ಇರುತ್ತದೆ, ಆದ್ದರಿಂದ ಎಲ್ಲರೂ ಸಮಾಧಾನದಿಂದ ಇರುತ್ತಾರೆ.

ಕಾರಣವೇನು? ಪತ್ರದಲ್ಲಿಯೇ ಅದು ಇದೆ. ಎರಡು ತಿಂಗಳ ಹಿಂದೆ ಎರಡು ಬದಲಾವಣೆಗಳು ಒಟ್ಟಿಗೆ ಆದವು. ತಾಯಿ ಶಾಲೆಗೆ ಹೋಗತೊಡಗಿದಳು, ಹಗಲಿನ ಮೊಲೆಹಾಲು ನಿಂತಿತು. ಅದರ ಸ್ಥಾನದಲ್ಲಿ ಅಜ್ಜಿಯವರು, ಅವರದೇ ಮಾತಿನಲ್ಲಿ, "ಚಿಕ್ಕ ಹೊಟ್ಟೆಗೆ ಭಾರವಾಗದಂತೆ ಕುಚ್ಚಲಕ್ಕಿಯ ಗಂಜಿತಿಳಿಯನ್ನು ಸೋಸಿ ಬಾಟ್ಲಿಯಲ್ಲಿ" ಕೊಡುತ್ತಿದ್ದಾರೆ. ಕೂಸು ಅಳುವುದಿಲ್ಲ, ಬಾಟ್ಲಿ ಮುಗಿಸಿ ನಿದ್ರೆ ಮಾಡುತ್ತದೆ. ಅಳುವುದಿಲ್ಲವೆಂಬುದೇ ಇಲ್ಲಿ ಮೋಸ. ತಾಯಿಯ ಹಾಲು 100 ಮಿಲಿಲೀಟರಿಗೆ ಸುಮಾರು 65ರಿಂದ 70 ಕ್ಯಾಲೊರಿ ಕೊಡುತ್ತದೆ, ಕೊಬ್ಬನ್ನೂ ಸಾರಜನಕದ ಅಂಶವನ್ನೂ ಕೊಡುತ್ತದೆ. ಸೋಸಿದ ತಿಳಿ ಹೊಟ್ಟೆಯ ಸ್ಥಳವನ್ನು ತುಂಬುತ್ತದೆ, ಬೇರೆ ಕೊಡುವುದು ಅತ್ಯಲ್ಪ. ಆರರಿಂದ ಎಂಟು ತಿಂಗಳ ಕೂಸಿಗೆ ಮೊಲೆಹಾಲಿನ ಜೊತೆಗೆ ದಿನಕ್ಕೆ ಸುಮಾರು 200 ಕ್ಯಾಲೊರಿಯಷ್ಟು, ಒಂಬತ್ತರಿಂದ ಹನ್ನೊಂದಕ್ಕೆ ಸುಮಾರು 300ರಷ್ಟು, ವರ್ಷ ದಾಟಿದ ಮೇಲೆ 550ರಷ್ಟು ಮೇಲಾಹಾರ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಇಲ್ಲಿ ಹಾಲೂ ಕಡಿಮೆಯಾಯಿತು, ಮೇಲಾಹಾರವೂ ನೀರಾಯಿತು. ಬೇರೆ ಕಾಯಿಲೆಯೇನೂ ಇಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಳ್ಳಬೇಕು, ನಿಜ. ಮೂತ್ರದ ಸೋಂಕು, ರಕ್ತಹೀನತೆ ಮುಂತಾದವೂ ತೂಕವನ್ನು ತಡೆಯುತ್ತವೆ. ಆದರೆ ನಾವು ಮೊದಲು ಬಾಟ್ಲಿಯ ಕಡೆಗೆ ಬೆರಳು ತೋರಿಸುತ್ತೇವೆ.

ಅಜ್ಜಿಯವರು ಇದರಿಂದ ನೊಂದುಕೊಳ್ಳಬಾರದು. ಗಂಜಿ ನಮ್ಮ ಕರಾವಳಿಯ ಜೀವಾಳ. ಜ್ವರಕ್ಕೂ ಗಂಜಿ, ಬಾಳಂತಿಗೂ ಗಂಜಿ, ಹಸಿದ ಕೂಸಿಗೂ ಗಂಜಿಯೆಂಬುದು ಪ್ರೀತಿಯಿಂದಲೇ ಬಂದ ರೂಢಿ. ತಿಳಿಯನ್ನು ಸೋಸಿ ಅಗುಳನ್ನು ಬಿಡುವ ಬದಲು, ಅಗುಳನ್ನು ಮೆತ್ತಗೆ ಬೇಯಿಸಿ ನುರಿದು ಕೊಟ್ಟರೆ ಅದೇ ಅಕ್ಕಿ ಕೂಸಿನ ಪಾಲಿಗೆ ಅನ್ನವಾಗುವುದು. ಆಹಾರ ಎಷ್ಟು ಗಟ್ಟಿಯಿರಬೇಕೆಂದರೆ, ಚಮಚವನ್ನು ವಾಲಿಸಿದಾಗ ಥಟ್ಟನೆ ಸುರಿದುಹೋಗಬಾರದು. ಇದೊಂದೇ ಪರೀಕ್ಷೆ ಸಾಕು. ಅಕ್ಕಿಯ ಜೊತೆಗೆ ಹೆಸರುಬೇಳೆ ಬೇಯಿಸಿ, ಅದರ ಮೇಲೆ ಒಂದು ಸಣ್ಣ ಚಮಚ ತೆಂಗಿನೆಣ್ಣೆಯನ್ನೋ ತುಪ್ಪವನ್ನೋ ಬೆರೆಸಿದರೆ ಆ ಒಂದು ಚಮಚವೇ ಸುಮಾರು 45 ಕ್ಯಾಲೊರಿ ಕೊಡುತ್ತದೆ, ತುತ್ತಿನ ಗಾತ್ರವೇನೂ ಹೆಚ್ಚುವುದಿಲ್ಲ. ರಾಗಿ ಮಣ್ಣಿಯೂ ಒಳ್ಳೆಯದು. ಬೆಲ್ಲವಿಲ್ಲದೆ ಮಾಡಿ, ಕುಡಿಸದೆ ತಿನ್ನಿಸುವಷ್ಟು ಗಟ್ಟಿಯಾಗಿ. ಬಾಳೆಹಣ್ಣು, ಬೇಯಿಸಿದ ಕುಂಬಳ, ಗೆಣಸು. ಕ್ರೈಸ್ತ ಮನೆಗಳಲ್ಲಿ ಮೀನು ಮೊಟ್ಟೆಗಳಿಗೆ ನಿಷೇಧವಿಲ್ಲ. ಹೀಗಿದ್ದೂ ದೊಡ್ಡವರ ತಟ್ಟೆಯಲ್ಲಿ ಮೀನಿರುವ ಮನೆಯಲ್ಲಿ ಕೂಸು ವರ್ಷದವರೆಗೆ ಗಂಜಿಯ ಮೇಲೆಯೇ ಇರುವುದನ್ನು ನೋಡಿದರೆ ನಮಗೆ ಸೋಜಿಗ. ಆರು ತಿಂಗಳಾದ ಕೂಸಿಗೆ ಚೆನ್ನಾಗಿ ಬೇಯಿಸಿದ ಮೊಟ್ಟೆಯನ್ನು ಕೊಡಬಹುದು. ಕಾಣೆಯಂಥ ಮೆತ್ತಗಿನ ಮೀನನ್ನು ಖಾರ ಉಪ್ಪಿಲ್ಲದೆ ಬೇಯಿಸಿ, ಮುಳ್ಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ತೆಗೆದು, ಅನ್ನದಲ್ಲಿ ನುರಿದು ಕೊಡಬಹುದು. ಹೊಸದನ್ನು ಒಂದೊಂದಾಗಿ, ಎರಡು ಮೂರು ದಿನ ನೋಡಿ, ಮುಂದುವರಿಸಬೇಕು. ಮೊದಲು ಎರಡು ಮೂರು ದೊಡ್ಡ ಚಮಚ, ಕ್ರಮೇಣ ಅರ್ಧ ಬಟ್ಟಲು, ದಿನಕ್ಕೆ ಎರಡು ಮೂರು ಸಲ. ಜೇನುತುಪ್ಪವನ್ನು ಮಾತ್ರ ವರ್ಷ ತುಂಬುವವರೆಗೆ ನಾಲಗೆಗೂ ಸವರಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಕ್ರಿಮಿಯ ಬೀಜ ಹಸುಳೆಯ ಕರುಳಿನಲ್ಲಿ ಬೆಳೆದು ವಿಷವನ್ನುಂಟುಮಾಡುತ್ತದೆ. ತೂಕ ಕಡಿಮೆಯಾಗಿ ಹುಟ್ಟಿದ ಕೂಸುಗಳಿಗೆ ಕಬ್ಬಿಣದ ಅಂಶ ಬೇಗನೆ ತೀರುವುದರಿಂದ ಹನಿಯ ಔಷಧ ಬೇಕಾಗುತ್ತದೆ. ನಮ್ಮ ವಾಚಕಿ ಆ ವಿಷಯ ಏನೂ ಬರೆದಿಲ್ಲ. ವೈದ್ಯರನ್ನು ಕೇಳತಕ್ಕದ್ದು.

ಬಾಟ್ಲಿಯನ್ನು ಇಂದೇ ಬಿಡಬೇಕು. ಅದರ ರಬ್ಬರಿನ ಮೂತಿಯನ್ನು ಶುದ್ಧವಾಗಿಡುವುದು ಎಂಥ ಗೃಹಿಣಿಗೂ ಕಷ್ಟ, ಭೇದಿಗೆ ಅದು ನೆಟ್ಟನೆಯ ದಾರಿ. ಡಬ್ಬಿಹಾಲನ್ನೂ ಹಾಲೂಡುವ ಬಾಟ್ಲಿಯನ್ನೂ ಜಾಹೀರಾತು ಮಾಡಬಾರದೆಂದು 1992ರಲ್ಲಿ ನಮ್ಮ ದೇಶದಲ್ಲಿ ಕಾನೂನನ್ನೇ ಮಾಡಿದ್ದಾರೆ. ಚಮಚ ಮತ್ತು ಸಣ್ಣ ಬಟ್ಟಲು ಸಾಕು.

ಇನ್ನು ತಾಯಿಯ ಹಾಲು. 2017ರ ತಿದ್ದುಪಡಿಯಿಂದ ಹೆರಿಗೆಯ ರಜೆ 26 ವಾರಗಳಿಗೆ ಏರಿದ್ದು ದೊಡ್ಡ ಉಪಕಾರವೇ. ಆದರೆ ಆರು ವಾರ ಮುಂಚಿತವಾಗಿ ಹುಟ್ಟಿದ ಕೂಸಿಗೆ ರಜೆಯಲ್ಲಿ ಆರು ವಾರ ಹೆಚ್ಚಾಗಿ ಸಿಗುವುದಿಲ್ಲ. ಕೂಸಿಗೆ ಐದು ತಿಂಗಳ ಬಲ ಬರುವಷ್ಟರಲ್ಲಿ ತಾಯಿ ಬಸ್ಸಿನಲ್ಲಿರುತ್ತಾಳೆ. ಕೂಸಿಗೆ 15 ತಿಂಗಳಾಗುವವರೆಗೆ ಕೆಲಸದ ನಡುವೆ ಎರಡು ಸಲ ಹಾಲೂಡಿಸುವ ಬಿಡುವನ್ನು ಕಾನೂನು ಕೊಟ್ಟಿದೆ; ಕೂಸು 20 ಕಿಲೋಮೀಟರು ಆಚೆಗಿದ್ದರೆ ಆ ಬಿಡುವಿನಿಂದ ಆಗುವುದೇನು? ಒಂದು ಉಪಾಯವುಂಟು. ಮುಂಜಾನೆ ಹೊರಡುವ ಮುಂಚೆ ಹಾಲೂಡಿಸಿ, ಉಳಿದುದನ್ನು ಕೈ ತೊಳೆದುಕೊಂಡು ಕುದಿಸಿದ ಸ್ಟೀಲಿನ ಬಟ್ಟಲಿಗೆ ಹಿಂಡಿ ಮುಚ್ಚಿಡಬೇಕು. 25 ಡಿಗ್ರಿಗೆ ಮೀರದ ತಂಪಿನಲ್ಲಿ ಹಿಂಡಿದ ಹಾಲು ನಾಲ್ಕು ಗಂಟೆ ಇರುವುದು. ನಮ್ಮ ಕರಾವಳಿಯ ಸೆಕೆಯಲ್ಲಿ ಅಷ್ಟು ತಂಪು ಅಪರೂಪವಾದ್ದರಿಂದ ಕೂಡಲೇ ಫ್ರಿಜ್ಜಿನಲ್ಲಿಡುವುದು ಲೇಸು. ಅಲ್ಲಿ ನಾಲ್ಕು ದಿನ ಕೆಡದು. ಕೊಡುವಾಗ ಒಲೆಯ ಮೇಲೆ ಕಾಯಿಸದೆ ಬಟ್ಟಲನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿ ಚಮಚದಿಂದ ಕುಡಿಸಬೇಕು. ಶಾಲೆಯಲ್ಲಿಯೂ ಮಧ್ಯಾಹ್ನ ಒಮ್ಮೆ ಹಾಲನ್ನು ಹಿಂಡಿ ತೆಗೆದರೆ, ಮನೆಗೆ ತರಲಾಗದಿದ್ದರೂ ಹಾಲು ಬತ್ತುವುದಿಲ್ಲ. ಸಂಜೆ ಬಂದೊಡನೆ ಸೊಸೆಯ ಕೈಗೆ ಕೂಸನ್ನು ಕೊಡಿ. ಪಾತ್ರೆ ತಿಕ್ಕುವುದು ಆಮೇಲೆ ಆದೀತು. ರಾತ್ರಿ ಎಷ್ಟು ಸಲ ಕೇಳಿದರೂ ಊಡಿಸಲಿ. ಇವೆಲ್ಲಕ್ಕೂ ಮೊದಲು ಆಕೆ ಹೊಟ್ಟೆ ತುಂಬ ಊಟ ಮಾಡಬೇಕು. ಚಂದಾವರದ ಹಬ್ಬದ ದಿನದಿಂದ ಉಪವಾಸವಿದ್ದರೆ ಅದನ್ನು ಬಿಡಿಸತಕ್ಕವರು ಅತ್ತೆಯವರೇ, ಬೇರೆ ಯಾರ ಮಾತೂ ಅಲ್ಲಿ ನಡೆಯುವುದಿಲ್ಲ.

ವಾಕರಿನ ವಿಷಯ ಎರಡು ಮಾತಿನಲ್ಲಿ ಮುಗಿಸಬಹುದು. ಕೊಳ್ಳಬೇಡಿರಿ. ಅದರಲ್ಲಿ ಕೂಸು ಬೆರಳ ತುದಿಯಿಂದ ತಳ್ಳಿಕೊಂಡು ಓಡುವುದೇ ಹೊರತು ನಡೆಯಲು ಕಲಿಯುವುದಿಲ್ಲ. ಮೆಟ್ಟಿಲಿನಿಂದ ಉರುಳುವುದು, ಒಲೆಯ ಹತ್ತಿರ ಹೋಗಿ ಬಿಸಿ ಪಾತ್ರೆ ಎಳೆದುಕೊಳ್ಳುವುದು ಇವೆಲ್ಲ ಅದರ ಕೊಡುಗೆಗಳು. ಕೆನಡಾ ದೇಶದಲ್ಲಿ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿದರು.

ಭಾಷೆಯ ವಿಷಯದಲ್ಲಿ ನಮಗೆ ಹೇಳಲು ಸಂತೋಷವೇ ಇದೆ. ಹೊನ್ನಾವರದ ಕ್ರೈಸ್ತರ ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ಭಟ್ಕಳದ ಪೇಟೆಗೆ ಹೋದರೆ ನವಾಯತಿಯೂ ಉರ್ದುವೂ ಕಿವಿಗೆ ಬೀಳುವುವು. ಈ ಕರಾವಳಿಯ ಮಕ್ಕಳು ತಲೆತಲಾಂತರದಿಂದ ಎರಡು ಮೂರು ಭಾಷೆಗಳ ನಡುವೆ ಬೆಳೆದು ಮೂರರಲ್ಲಿಯೂ ಚೌಕಾಸಿ ಮಾಡುವಷ್ಟು ಪ್ರವೀಣರಾಗಿದ್ದಾರೆ. ಹಲವು ಭಾಷೆ ಕೇಳುವುದರಿಂದ ಮಾತು ತಡವಾಗುವುದೆಂಬುದಕ್ಕೆ ಆಧಾರವಿಲ್ಲ. ಕುಳಿತುಕೊಳ್ಳುವುದಕ್ಕಂತೂ ಭಾಷೆಗೂ ಸಂಬಂಧವೇ ಇಲ್ಲ. ಮುಂದೆ ಮಾತು ಬಂದಾಗ ಒಂದು ಎಚ್ಚರ ಬೇಕು: ಕೊಂಕಣಿಯ ಎರಡು ಶಬ್ದ, ಕನ್ನಡದ ಎರಡು ಶಬ್ದ ಆಡಿದರೆ ಒಟ್ಟು ನಾಲ್ಕೆಂದು ಎಣಿಸಬೇಕು. ಒಂದೇ ಭಾಷೆಯನ್ನು ಎಣಿಸಿ ಕಡಿಮೆಯೆಂದು ಕೊರಗಬಾರದು. ಅಜ್ಜಿ ಕೊಂಕಣಿಯಲ್ಲಿಯೇ ಮಾತಾಡಲಿ, ಹಾಡಲಿ, ಜಪಸರದ ಪ್ರಾರ್ಥನೆಯನ್ನು ಕೂಸಿನ ಎದುರಿನಲ್ಲಿಯೇ ಹೇಳಲಿ. ದಿನವೂ ಸಂಜೆ ಅದೇ ಧ್ವನಿ, ಅದೇ ಲಯ, ಮರಳಿ ಮರಳಿ ಬರುವ ಅದೇ ಶಬ್ದಗಳು ಕಿವಿಗೆ ಬೀಳುವುದಕ್ಕಿಂತ ಒಳ್ಳೆಯ ಪಾಠ ಈ ವಯಸ್ಸಿಗೆ ಇಲ್ಲ. ಒಂಬತ್ತು ಹತ್ತು ತಿಂಗಳಿಗೆ "ಬಾಬಾ, ದಾದಾ" ಎಂಬ ತೊದಲು, ವರ್ಷದ ಹೊತ್ತಿಗೆ ಬೆರಳು ಚಾಚಿ ತೋರಿಸುವುದು, ಅರ್ಥವಿಟ್ಟು ಆಡಿದ ಒಂದೆರಡು ಮಾತು ಬರಬೇಕು. ತೊದಲೇ ಬಾರದಿದ್ದರೆ ಭಾಷೆಗಳನ್ನು ದೂರದೆ ಕಿವಿಯನ್ನು ಪರೀಕ್ಷಿಸಿರಿ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈಗತಾನೆ ಹುಟ್ಟಿದ ಕೂಸಿನ ಕಿವಿಯನ್ನೂ ಪರೀಕ್ಷಿಸಬಲ್ಲರು. ಅಷ್ಟು ದೂರ ಹೋಗುವ ಮೊದಲು ಕಾರವಾರದ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಹಡಗಿನಲ್ಲಿರುವ ತಂದೆಯ ವಿಷಯವಾಗಿಯೂ ಒಂದು ಮಾತು. ಎರಡು ವರ್ಷದೊಳಗಿನ ಕೂಸಿಗೆ ಮೊಬೈಲಿನ ಪರದೆಯನ್ನು ತೋರಿಸಲೇಬಾರದೆಂದು ಭಾರತೀಯ ಶಿಶುವೈದ್ಯರ ಸಂಘವು ಹೇಳುತ್ತದೆ. ಆದರೆ ದೂರದಲ್ಲಿರುವ ಆಪ್ತರೊಡನೆ ಆಗಾಗ ಮುಖ ನೋಡಿ ಮಾತಾಡುವುದಕ್ಕೆ ಆ ನಿಯಮದಲ್ಲಿ ವಿನಾಯಿತಿಯಿದೆ. ತಂದೆ ಮಾತಾಡಲಿ, ಹೆಸರು ಹಿಡಿದು ಕರೆಯಲಿ. ಅದೇ ಮೊಬೈಲಿನಲ್ಲಿ ಭಟ್ಕಳದಿಂದ ದಿನಕ್ಕೊಂದು ಬರುವ "ಇವತ್ತು ಇವನು ಎದ್ದು ನಿಂತ" ಎಂಬ ಚಿತ್ರಗಳನ್ನು ಮಾತ್ರ ಸೊಸೆಗೆ ಕೆಲವು ದಿನ ತೋರಿಸದಿರುವುದು ಮೇಲು. ಮಗಳಿಗೆ ಬೇಸರವಾಗದಂತೆ ಇದನ್ನು ಹೇಳುವ ಜಾಣ್ಮೆ ನಮ್ಮ ವಾಚಕಿಗೆ ಇದೆಯೆಂಬುದು ಅವರ ಪತ್ರದ ಧಾಟಿಯಿಂದಲೇ ತಿಳಿಯುವುದು.

ಈಗ ಮಾಡತಕ್ಕದ್ದು. ಈ ವಾರದಲ್ಲಿಯೇ ತಾಯಿ ಕಾರ್ಡನ್ನು ತೆಗೆದುಕೊಂಡು ಶಿಶುವೈದ್ಯರಲ್ಲಿಗೆ ಹೋಗಿ, ಆರು ವಾರ ಮುಂಚಿತವಾಗಿ ಹುಟ್ಟಿದ ಕೂಸೆಂದು ಮೊದಲು ಹೇಳಿ, ಕೊನೆಯ ಎರಡು ತೂಕಗಳನ್ನು ತೋರಿಸಬೇಕು. ಕಣ್ಣು ಮತ್ತು ಕಿವಿಯ ಪರೀಕ್ಷೆ ಹುಟ್ಟಿದಾಗ ಆಗಿತ್ತೇ ಎಂದು ಆಸ್ಪತ್ರೆಯ ಕಾಗದಗಳಲ್ಲಿ ನೋಡಿಕೊಳ್ಳಬೇಕು. ಇಂದಿನಿಂದ ಆಹಾರವನ್ನು ಬದಲಿಸಿ, ಹದಿನೈದು ದಿನ ಬಿಟ್ಟು ಅಂಗನವಾಡಿಯ ಅದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ ತೂಗಿಸಬೇಕು. ಬೇರೆ ಬೇರೆ ತಕ್ಕಡಿಯ ತೂಕಗಳನ್ನು ಹೋಲಿಸಬಾರದು. 200 ಗ್ರಾಂ ಏರಿದ್ದರೆ ದಾರಿ ಸರಿಯಾಯಿತೆಂದು ತಿಳಿಯಿರಿ. ಏರದಿದ್ದರೆ ಮರುದಿನವೇ ಮತ್ತೆ ವೈದ್ಯರಲ್ಲಿಗೆ. ಫಲವೇನಾಯಿತೆಂಬುದನ್ನು ನಮಗೂ ಒಂದು ಕಾಗದ ಬರೆದು ತಿಳಿಸಬೇಕಾಗಿ ಕೋರುತ್ತೇವೆ. ಹಲ್ಲು ಬರುವಾಗಿನ ಜ್ವರದ ವಿಷಯ ಕೇಳಿದ್ದ ಕುಮಟೆಯ ಮತ್ತು ಶಿರಾಲಿಯ ವಾಚಕಿಯರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುವೆವು.